ಸ್ವೆಡ್ರುವಿಗೆ ಹೋದ ಪಾಲು

ಅರಬಾ ಎಸ್ಸಿಲ್ಫಿ ಹುಟ್ಟಿದ್ದು ಮಂಗಳವಾರ. ಆಪಾಮಿನ ದಂಡೆಯಲ್ಲಿ ಮಂಗಳವಾರ ಯಾರೂ ದೋಣಿ ಇಳಿಸುವುದಿಲ್ಲ, ಅದು ಕಡಲು ಮಲಗುವ ದಿನ. "ಕಡಲು ಮಲಗಿದಾಗ ಅದರ ಗದ್ದಲವನ್ನೆಲ್ಲ ಇವಳ ಗಂಟಲಿಗೆ ಕೊಟ್ಟು ಮಲಗಿತು" ಎಂದು ಊರವರು ನಗುತ್ತಿದ್ದರು. ಅದು ಪೂರಾ ಸುಳ್ಳೇನಲ್ಲ. ಅವಳು ಹೊಗೆಗೂಡಿನ ಮುಂದೆ ನಿಂತು ಸೌದೆಯವನನ್ನು ಬೈದರೆ ಗುಡ್ಡದ ಮೇಲಿನ ಹಳೇ ಕೋಟೆಯಲ್ಲಿ ಪಾರಿವಾಳ ಏಳುತ್ತಿತ್ತು, ಉಪ್ಪಿನ ಗದ್ದೆಯಲ್ಲಿ ಕೆಲಸ ಮಾಡುವವರು ಸೊಂಟ ನೆಟ್ಟಗೆ ಮಾಡಿ, "ಹತ್ತು ಗಂಟೆ ಆಯ್ತು ಅಂತ ಕಾಣುತ್ತೆ" ಎನ್ನುತ್ತಿದ್ದರು.

ತಾಯಿಯೂ ಮೀನಿಗೆ ಹೊಗೆ ಹಾಕುವವಳೇ. ಅರಬಾ ಇಪ್ಪತ್ತೆರಡು ವರ್ಷ ಅದೇ ಹೊಗೆಯಲ್ಲಿ ಕಣ್ಣುಜ್ಜಿಕೊಂಡು, ಬೂತಾಯಿ ಮೀನನ್ನು ತಿರುವಿ ತಿರುವಿ ಹಾಕಿ, ಕೊನೆಗೆ ಸ್ವಂತಕ್ಕೊಂದು ದೋಣಿ, ಅದಕ್ಕೊಂದು ರಂಪಣಿ ಬಲೆ ಮಾಡಿಕೊಂಡಳು. ಗಂಡ ಕ್ವಾಮೆನಾ ಅಬಿಜಾನಿನ ಕಡಲಿನಲ್ಲಿ ಮೀನು ಹಿಡಿಯುತ್ತ ವರ್ಷಕ್ಕೊಮ್ಮೆ ಬರುತ್ತಿದ್ದ. ಬಂದಾಗ ಎರಡು ತುಂಡು ಒಳ್ಳೆಯ ಬಟ್ಟೆ ತರುತ್ತಿದ್ದ, ಒಂದು ತಿಂಗಳು ಹೆಂಡತಿಯ ಮಾತು ಕೇಳುತ್ತಿದ್ದ, ಕಿವಿ ತುಂಬಿದ ಮೇಲೆ ಮತ್ತೆ ಹೊರಡುತ್ತಿದ್ದ. ಇಬ್ಬರಿಗೂ ಅದು ಒಗ್ಗಿತ್ತು.

ರಂಪಣಿ ಎಳೆಯಲು ಬನ್ನಿ ಎಂದು ಅಲ್ಲಿ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಬೇಡ ಎನ್ನುವುದೂ ಇಲ್ಲ. ದೋಣಿ ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬಂದು ಎರಡು ಹಗ್ಗಗಳನ್ನು ದಂಡೆಗೆ ಎಸೆದ ಮೇಲೆ, ಹಗ್ಗ ಹಿಡಿದವರಿಗೆಲ್ಲ ಪಾಲು ಉಂಟು. ಹಿಡಿಯುವ ಮೊದಲು ಕಾಲಿನ ಒಂದು ಚಪ್ಪಲಿಯನ್ನು ಬಿಚ್ಚಿ ಮರಳಿನ ಮೇಲೆ ಸಾಲಿನಲ್ಲಿ ಇಡಬೇಕು. ಬಲೆ ದಡ ಸೇರಿದ ಮೇಲೆ ದೋಣಿಯ ಪಾಲು, ಬಲೆಯ ಪಾಲು ಬೇರೆ ತೆಗೆದು, ಉಳಿದ ಮೀನನ್ನು ದೋಣಿಯ ಮುಖ್ಯಸ್ಥನಾದ ತಂಡೇಲ ಒಂದೊಂದು ಚಪ್ಪಲಿಯ ಮುಂದೆ ಒಂದೊಂದು ಗುಡ್ಡೆ ಹಾಕುತ್ತ ಹೋಗುತ್ತಾನೆ. ಮುಖ ನೋಡಿದರೆ ಅಳಿಯ ಕಾಣುತ್ತಾನೆ, ಸಾಲಗಾರ ಕಾಣುತ್ತಾನೆ. ಚಪ್ಪಲಿಗೆ ನೆಂಟಸ್ತಿಕೆ ಇಲ್ಲ.

ಆದರೆ ಎಂಟು ವರ್ಷದ ಅರಬಾಳಿಗೆ ಚಪ್ಪಲಿಯೇ ಇರಲಿಲ್ಲ. ಒಂದು ಬೆಳಿಗ್ಗೆ ಪೂರ್ತಿ ಹಗ್ಗ ಎಳೆದು, ಹೊಟ್ಟೆಯ ಚರ್ಮ ಕೆಂಪಗಾಗಿ, ಗುಡ್ಡೆ ಬೀಳುವುದನ್ನು ಕಾಯುತ್ತ ನಿಂತಿದ್ದಳು. ಅಂದಿನ ತಂಡೇಲ, "ನಿನ್ನ ಚಪ್ಪಲಿ ಎಲ್ಲಿ ಕೂಸೇ?" ಎಂದ. ಅವಳು ಕಾಲನ್ನೇ ಮುಂದಿಟ್ಟು ತೋರಿಸಿದಳು. ದಂಡೆಯೆಲ್ಲ ನಕ್ಕಿತು. ಮೀನು ಮಾತ್ರ ಬೀಳಲಿಲ್ಲ.

ತನ್ನದೇ ಬಲೆ ಬಂದ ದಿನ ಅರಬಾ ಮಾಡಿದ ಮೊದಲ ಕೆಲಸ, ದಂಡೆಯಲ್ಲಿ ನಿಂತು ಸಾರಿದ್ದು: ಚಪ್ಪಲಿ ಇಲ್ಲದವರು ತೆಂಗಿನ ಚಿಪ್ಪು ಇಡಲಿ, ತಲೆವಸ್ತ್ರ ಇಡಲಿ, ಕಡ್ಡಿ ನೆಡಲಿ. ತನ್ನ ಹಗ್ಗ ಹಿಡಿದವರು ಬರಿಗೈಯಲ್ಲಿ ಹೋಗುವುದಿಲ್ಲ. ಈ ಮಾತನ್ನು ಅವಳು ಮಾರುಕಟ್ಟೆಯಲ್ಲಿ, ಮದುವೆಯಲ್ಲಿ, ಸಾವಿನ ಮನೆಯಲ್ಲಿ ಎಷ್ಟು ಸಲ ಹೇಳಿದ್ದಳೆಂದರೆ, "ನನ್ನ ಹಗ್ಗ ಹಿಡಿದವರು..." ಎಂದು ಶುರುಮಾಡಿದರೆ ಸಾಕು, ಕೇಳುವವರೇ ಮುಗಿಸುತ್ತಿದ್ದರು.

ಹೀಗಿರುವಾಗ ಒಂದು ಶನಿವಾರ ಆ ಹುಡುಗಿ ಬಂದಳು.

ಸ್ವೆಡ್ರುವಿನ ಶಾಲೆಯೊಂದರಲ್ಲಿ ಸಂಬಳವಿಲ್ಲದೆ ಮಕ್ಕಳಿಗೆ ಪಾಠ ಹೇಳಲು ಬೆಲ್ಜಿಯಮ್ಮಿನಿಂದ ಬಂದವಳು. ಹೆಸರು ಲೀವ. ವಾರದ ಕೊನೆಗೆ ಎರಡು ದಿನ ಕಡಲು ನೋಡೋಣವೆಂದು ಶುಕ್ರವಾರ ಸಂಜೆ ಆಪಾಮಿಗೆ ಇಳಿದಿದ್ದಳು. ಬೆಳಿಗ್ಗೆ ಮರಳು ಕಾಲಿಗೆ ತಾಗಲಿ ಎಂದು ಚಪ್ಪಲಿಯನ್ನು ವಸತಿಗೃಹದಲ್ಲೇ ಬಿಟ್ಟು ದಂಡೆಗೆ ನಡೆದುಬಂದಳು. ಹಗ್ಗ ಎಳೆಯುವವರ ಹಾಡು ಕೇಳಿದಳು. ಕೇಳಿದವಳು ಹಗ್ಗದ ಬಾಲ ಹಿಡಿದೇಬಿಟ್ಟಳು.

"ಯಾವ ವಾರ ಹುಟ್ಟಿದ್ದೇ ಹುಡುಗಿ?" ಎಂದು ಅರಬಾ ಅಲ್ಲಿಂದಲೇ ಕೂಗಿದಳು.

"ಗುರುವಾರ, ಮಾಮೆ." ದೊಡ್ಡ ಹೆಂಗಸರನ್ನು ಅಲ್ಲಿ ಹಾಗೆ ಕರೆಯುವುದೆಂದು ಅವಳು ಕಲಿತಿದ್ದಳು.

"ಹಾಗಾದ್ರೆ ನೀನು ಅಬಾ. ನಾನು ಮಂಗಳವಾರದೋಳು, ಅರಬಾ. ಎಳಿ ಅಬಾ, ಎಳಿ. ಮುಂದಿನವನ ಬೆನ್ನು ನೋಡ್ಬೇಡ, ಕಡಲು ನೋಡು. ಬೆನ್ನಲ್ಲಿ ಮೀನಿಲ್ಲ."

ಎರಡೂವರೆ ಗಂಟೆ ಎಳೆದಳು. ಬಲೆ ಬಂತು, ಆ ವರ್ಷವೇ ಕಾಣದಷ್ಟು ತುಂಬಿ ಬಂತು. ಮರಳೆಲ್ಲ ಬೆಳ್ಳಿಯಾಯಿತು. ಅಕ್ರಾದಿಂದ ಬಂದ ಕೊಳ್ಳುವವರು ಅರಬಾಳನ್ನು ಸುತ್ತಿಕೊಂಡರು, ಅವಳು ಒಬ್ಬೊಬ್ಬರನ್ನೂ ಅವರವರ ಅಜ್ಜಿಯ ಕಾಲದಿಂದ ವಿಚಾರಿಸಿಕೊಳ್ಳುವುದರಲ್ಲಿ ಮುಳುಗಿಹೋದಳು. ಇತ್ತ ತಂಡೇಲ ಬೆಂಟ್ಸಿಲ್ ಸಾಲಿನ ಉದ್ದಕ್ಕೂ ಗುಡ್ಡೆ ಹಾಕುತ್ತ ಹೋದ. ಲೀವ ಪಕ್ಕದಲ್ಲಿ ನಿಂತು, ಒಬ್ಬೊಬ್ಬರಿಗೆ ಗುಡ್ಡೆ ಬಿದ್ದಾಗಲೂ ಚಪ್ಪಾಳೆ ತಟ್ಟಿದಳು. ಸಾಲು ಮುಗಿಯಿತು. ಅವಳು ಅಲೆಯಲ್ಲಿ ಕೈ ತೊಳೆದುಕೊಂಡು, ಎಲ್ಲರಿಗೂ ಕೈ ಬೀಸಿ ಹೊರಟುಹೋದಳು. ಎಲ್ಲರೂ ಕೈ ಬೀಸಿದರು. ಆ ಬೀಸಿದ ಕೈ ಬರಿದಾಗಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಸಂಜೆಯ ಹೊತ್ತಿಗೆ ಒಬ್ಬಳಿಗೆ ಹೊಳೆಯಿತು. ಅವಳು ಎಕುವಾ ಮನ್ಸಾ.

ದಂಡೆಯ ಆಚೆ ಅರ್ಧದಲ್ಲಿ ಬೀಳುವ ರಂಪಣಿ ಎಕುವಾಳದು. ಮೂವತ್ತು ವರ್ಷದಿಂದ ಇವಳೂ ಅರಬಾಳೂ ಒಬ್ಬರನ್ನೊಬ್ಬರು ಮಾತಿನಲ್ಲಿ ಚುಚ್ಚುತ್ತ, ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಜಾಗ ಬಿಟ್ಟುಕೊಡಲು ಇಬ್ಬರೂ ತಯಾರಿರಲಿಲ್ಲವಲ್ಲ, ಅದಕ್ಕೆ. ಭಾನುವಾರ ಬೆಳಿಗ್ಗೆ ನೀಲಿ ಬಿಳಿ ಬಟ್ಟೆ ಸುತ್ತಿಕೊಂಡು ಅರಬಾ ಚರ್ಚಿನ ಗೇಟಿಗೆ ಬರುತ್ತಿದ್ದಂತೆ ಎಕುವಾ ಎದುರಾದಳು.

"ಮಾಮೆ ಅರಬಾ, ನಿನ್ನೆ ಬಲೆ ಹರಿಯೋ ಹಾಗೆ ಬಂತಂತೆ. ದೇವರು ದೊಡ್ಡವನು."

"ದೊಡ್ಡವನೇ. ನಿನ್ನ ಬಲೆ ಕಡೆಗೂ ಒಂದಿನ ತಿರುಗ್ತಾನೆ, ಕಾಯ್ತಾ ಇರು."

"ಕಾಯ್ತೀನಮ್ಮ. ಆ ಬೆಲ್ಜಿಯಂ ಹುಡುಗಿ ನಿನ್ನೆ ಸಂಜೆ ನನ್ನ ಹತ್ರ ಕೆಂಕೆ ಕಡುಬು ತಗೊಳ್ಳೋಕೆ ಬಂದಿತ್ತು. ಅಂಗೈಯಲ್ಲಿ ಇಷ್ಟಿಷ್ಟು ದಪ್ಪ ಎರಡು ಗುಳ್ಳೆ. 'ಎಷ್ಟು ಮೀನು ಸಿಕ್ತು ಮಗಳೇ?' ಅಂದೆ. 'ಏನೂ ಇಲ್ಲ ಮಾಮೆ, ತುಂಬಾ ಖುಷಿ ಆಯ್ತು' ಅಂತು." ಎಕುವಾ ಸುತ್ತ ನಿಂತಿದ್ದ ಹೆಂಗಸರ ಕಡೆಗೆ ತಿರುಗಿದಳು. "ನಾಳೆ ಅರಬಾಳ ಹಗ್ಗ ಹಿಡಿಯೋರು ಬುಟ್ಟಿ ತರ್ಬೇಡ್ರಮ್ಮ. ಅಲ್ಲಿ ಈಗ ಖುಷಿ ಹಂಚ್ತಾರೆ, ಗುಡ್ಡೆ ಗುಡ್ಡೆ."

ಹೆಂಗಸರು ನಕ್ಕರು. ಆಮೇಲೆ ನಗು ನಿಲ್ಲಿಸಿ ಅರಬಾಳ ಮುಖ ನೋಡಿದರು. ಅರಬಾ ಬಾಯಿ ತೆರೆದಳು, ಏನೂ ಬರಲಿಲ್ಲ. ಆಪಾಮಿನಲ್ಲಿ ಹಾಗಾದದ್ದು ಅದೇ ಮೊದಲು.

ಕೋಟು ಹಾಕಿಕೊಂಡು ಗಂಡಸರ ಸಾಲಿನಲ್ಲಿ ನಿಂತಿದ್ದ ಬೆಂಟ್ಸಿಲ್‌ನನ್ನು ಅವಳು ತೋಳು ಹಿಡಿದು ಹೊರಗೆಳೆದಳು.

"ಆ ಅಬಾಗೆ ಗುಡ್ಡೆ ಹಾಕ್ಲಿಲ್ವೇನೋ?"

"ಅವಳ ಚಪ್ಪಲಿ ಇರ್ಲಿಲ್ಲ ಮಾಮೆ."

"ಕಾಲಿರ್ಲಿಲ್ವಾ?"

ಬೆಂಟ್ಸಿಲ್ ಟೈ ಸಡಿಲ ಮಾಡಿಕೊಂಡ. "ಆಟಕ್ಕೆ ಬಂದೋಳು ಅಂದ್ಕೊಂಡೆ."

"ಎಷ್ಟು ಹೊತ್ತು ಆಡಿದ್ಲು?"

"ಕೊನೇವರೆಗೂ." ಅವನು ನೆಲ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: "ಮಾಮೆ, ನಾಳೆ ಎಕುವಾಳ ಬಲೆನೂ ಬೀಳುತ್ತೆ. ಜನ ನಮ್ಮ ಹಗ್ಗ, ಅವಳ ಹಗ್ಗ ಎರಡೂ ನೋಡ್ತಾರೆ. ದೂರದಿಂದ ಬಂದೋಳಿಗೇ ಹೀಗೆ ಮಾಡಿದ್ರು ಅಂತ ಒಂದ್ಸಲ ಬಾಯಿಗೆ ಬಿತ್ತು ಅಂದ್ರೆ ಮುಗೀತು. ನಂಗೆ ಕಮ್ಮಿ ಅಂದ್ರೂ ನಲವತ್ತು ಜನ ಬೇಕು. ಇಲ್ಲ ಅಂದ್ರೆ ಬಲೆ ಕಡಲಲ್ಲೇ ಕೂತಿರುತ್ತೆ."

ಅದೇನೋ ನಿಜ. ಎಳೆಯುವವರಿಲ್ಲದ ರಂಪಣಿ ಬರೀ ನೂಲು. ಆದರೆ ಅರಬಾಳಿಗೆ ಆ ಗಳಿಗೆಯಲ್ಲಿ ಕಂಡದ್ದು ನಾಳೆಯ ಬಲೆಯಲ್ಲ. ಎಂಟು ವರ್ಷದ ಒಂದು ಕಾಲು, ಮರಳಿನ ಮೇಲೆ ಮುಂದೆ ಚಾಚಿದ್ದು.

ಚರ್ಚಿನ ಗಂಟೆ ಬಾರಿಸುತ್ತಿತ್ತು. ಅರಬಾ ಒಳಗೆ ಹೋಗಲಿಲ್ಲ. ಮನೆಗೆ ಬಂದು, ಹೊಗೆಗೂಡಿನ ಮೇಲಿನ ಜಾಲರಿಯಿಂದ ಶನಿವಾರದ ಅದೇ ಮೀನು, ಚೆನ್ನಾಗಿ ಕಂದು ಬಣ್ಣಕ್ಕೆ ತಿರುಗಿದ್ದ ಇಪ್ಪತ್ತನ್ನು ಆರಿಸಿ ಬೋಗುಣಿಗೆ ಹಾಕಿ, ಮೇಲೆ ಕಾಗದ ಮುಚ್ಚಿ, ಚರ್ಚಿನ ಬಟ್ಟೆಯಲ್ಲೇ ಸಿಂಬಿ ಇಟ್ಟು ತಲೆಗೇರಿಸಿದಳು. ವಸತಿಗೃಹಕ್ಕೆ ಹೋದರೆ, ಹುಡುಗಿ ಬೆಳಿಗ್ಗೆಯ ಮೊದಲ ಗಾಡಿಗೇ ಹೊರಟಾಗಿತ್ತು. ವಸತಿಗೃಹದವರು ಹೇಳಿದ್ದೂ ಸೇರಿ ಅರಬಾಳಿಗೆ ಅವಳ ಬಗ್ಗೆ ಗೊತ್ತಿದ್ದದ್ದು ಮೂರೇ ಸಂಗತಿ: ಹುಟ್ಟಿದ್ದು ಗುರುವಾರ, ಪಾಠ ಹೇಳುವುದು ಶಾಲೆಯಲ್ಲಿ, ಊರು ಸ್ವೆಡ್ರು. ಅಷ್ಟು ಸಾಕೆಂದು ಅವಳು ನಿಲ್ದಾಣಕ್ಕೆ ನಡೆದಳು.

ಸ್ವೆಡ್ರುವಿಗೆ ಹೋಗುವ ಟ್ರೋಟ್ರೋ ವ್ಯಾನು ತುಂಬುವವರೆಗೆ ಹೊರಡುವುದಿಲ್ಲ. ತುಂಬಿದ ಮೇಲೆ ಒಳಗೆಲ್ಲ ಹೊಗೆಮೀನಿನ ಪರಿಮಳವೂ ತುಂಬಿತು.

"ಮಾಮೆ, ನಾಲ್ಕು ಮೀನು ಕೊಡಿ" ಎಂದು ಪಕ್ಕದ ಹೆಂಗಸು ಕೈಚೀಲ ತೆರೆದಳು.

"ಮಾರೋಕಲ್ಲ."

"ಹೆಚ್ಚಿಗೆ ಕೊಡ್ತೀನಿ."

"ಮಾರೋಕಲ್ಲ ಅಂದ್ನಲ್ಲ ತಾಯಿ."

ಹಿಂದಿನ ಸೀಟಿನ ದಪ್ಪ ಮನುಷ್ಯನೊಬ್ಬ ಕುತ್ತಿಗೆ ಮುಂದೆ ಚಾಚಿದ. "ಆಪಾಮಿನ ಹೆಂಗಸು, ತೊಡೆ ಮೇಲೆ ಮೀನು, ಮಾರೋಕಲ್ಲ ಅಂತಾಳೆ. ಡ್ರೈವರೇ, ಗಾಡಿ ನಿಲ್ಸಿ. ಏನೋ ಕದ್ದ ಮಾಲಿದ್ದ ಹಾಗಿದೆ."

"ನಿನ್ನ ಹೊಟ್ಟೆ ಕದ್ದದ್ದೋ ಸ್ವಂತದ್ದೋ, ಮೊದ್ಲು ಅದು ಹೇಳು" ಎಂದಳು ಅರಬಾ. ಗಾಡಿ ನಕ್ಕಿತು. ನಕ್ಕ ಮೇಲೆ ವಿಷಯ ಹೇಳದೆ ಬಿಡುವಂತಿರಲಿಲ್ಲ. ಅವಳು ಹೇಳಿದಳು. ಮಾತು ಮುಗಿಯುವುದರೊಳಗೆ ಗಾಡಿ ಎರಡು ಪಂಗಡವಾಗಿತ್ತು.

"ಬಿಟ್ಟು ಹೋದ ಮೇಲೆ ಪಾಲೆಲ್ಲಿ ಬಂತು? ಕೇಳಿ ತಗೋಬೇಕಿತ್ತು" ಎಂದ ದಪ್ಪ ಮನುಷ್ಯ.

"ಕೇಳಿ ತಗೊಳ್ಳೋದು ಭಿಕ್ಷೆ. ಪಾಲು ತಾನಾಗಿ ಬರ್ಬೇಕು" ಎಂದಳು ಕೈಚೀಲದವಳು.

"ಒಳ್ಳೆ ಮಾತು. ಆದ್ರೆ ಗಾಡಿ ಖರ್ಚು ಯಾರದು?"

"ನಿಂದಂತೂ ಅಲ್ಲ."

ಬಾಗಿಲಲ್ಲಿ ಜೋತುಬಿದ್ದಿದ್ದ ಕಂಡಕ್ಟರ್ ತಲೆ ಒಳಗೆ ಹಾಕಿ, "ಯಾರು, ಅಬಾನಾ? ಬೆಳಿಗ್ಗೆ ನಮ್ಮ ಗಾಡೀಲೇ ಬಂದ್ಲು. ನೀವು ಕೂತ ಸೀಟಲ್ಲೇ. ಮಾಮೆ ಎಸಾಬಾ ಮನೇಲಿ ಇರೋದು ಅವಳು" ಎಂದ.

"ಹಾಗಿದ್ರೆ ಗಾಡಿ ಅಲ್ಲಿಗೇ ಹೋಗ್ಲಿ" ಎಂದ ಡ್ರೈವರ್. "ಇಷ್ಟು ದೂರ ಕೇಳಿದ್ದೀನಿ, ಕೊನೆ ನೋಡ್ದೆ ನಾನು ಬಿಡಲ್ಲ." ಯಾರೂ ಬೇಡವೆನ್ನಲಿಲ್ಲ, ದಪ್ಪ ಮನುಷ್ಯನೂ ಅನ್ನಲಿಲ್ಲ.

ಎಸಾಬಾ ನಿವೃತ್ತ ನರ್ಸು. ಸ್ವೆಡ್ರುವಿನ ಅರ್ಧ ಊರನ್ನು ಹೆರಿಗೆ ಮಾಡಿಸಿ ಹೊರಗೆ ತೆಗೆದವಳು, ಅದಕ್ಕೇ ಅರ್ಧ ಊರು ಅವಳೆದುರು ಬಾಯಿ ಬಿಡುತ್ತಿರಲಿಲ್ಲ. ಹೊಸ್ತಿಲಲ್ಲಿ ಚರ್ಚಿನ ಬಟ್ಟೆ ಉಟ್ಟು, ತಲೆಯ ಮೇಲೆ ಬೋಗುಣಿ ಹೊತ್ತ ಹೆಂಗಸನ್ನು ಕಂಡು ಅವಳು ಗಾಬರಿಯಾಗಲಿಲ್ಲ. ಕುರ್ಚಿ ಹಾಕಿಸಿದಳು. ಅರಬಾ, "ಆ ಹುಡುಗಿ..." ಎಂದು ಬಾಯಿ ತೆರೆದರೆ, "ಮೊದಲು ಕೂತ್ಕೊಳ್ಳಿ" ಎಂದಳು. ಕೂತು ಮತ್ತೆ ಬಾಯಿ ತೆರೆದರೆ, "ಮೊದಲು ನೀರು" ಎಂದಳು. ನೀರು ಕುಡಿಯುವವರೆಗೆ ಬಂದವರ ಸುದ್ದಿ ಕೇಳುವಂತಿಲ್ಲ, ಬಂದವರು ಹೇಳುವಂತಿಲ್ಲ. ಅರಬಾ ಒಂದೇ ಗುಟುಕಿಗೆ ಲೋಟ ಬರಿದು ಮಾಡಿದಳು.

"ಇಲ್ಲಿ ನಾವೆಲ್ಲ ಕ್ಷೇಮ" ಎಂದು ಎಸಾಬಾ ನಿಧಾನವಾಗಿ ಹೇಳಿದಳು. "ದಾರಿ ಹಿಡಿದು ಬಂದೋರು ನೀವು. ಸುದ್ದಿ ನಿಮ್ಮದು."

ಕೇಳಿದ ಮೇಲೆ ಅರ್ಧಂಬರ್ಧ ಹೇಳುವುದೂ ಸಲ್ಲದು. ಅರಬಾ ಚರ್ಚಿನ ಗೇಟಿನಿಂದ ಶುರುಮಾಡಿದಳು, ಅಲ್ಲಿಂದ ಶನಿವಾರಕ್ಕೆ ಹೋದಳು, ಶನಿವಾರದಿಂದ ಎಂಟು ವರ್ಷದವಳಿದ್ದಾಗಿನ ದಂಡೆಗೆ ಹೋದಳು. ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ ಲೀವ ಸೋಪಿನ ಕೈಯಲ್ಲೇ ಬಂದು ಬಾಗಿಲಿಗೆ ಒರಗಿ ನಿಂತಳು. ಗೇಟಿನ ಹೊರಗೆ ಗಾಡಿಯವರೆಲ್ಲ ಇಳಿದು ಕಿವಿ ಕೊಟ್ಟು ನಿಂತಿದ್ದರು.

ಕತೆ ಮುಗಿದ ಮೇಲೆ ಅರಬಾ ಬೋಗುಣಿಯ ಕಾಗದ ತೆಗೆದಳು. "ಇಗೋ ಅಬಾ. ನಿನ್ನ ಪಾಲು."

ಲೀವಳ ಮುಖ ಕೆಂಪಾಯಿತು. ಆರು ತಿಂಗಳಲ್ಲಿ ಕಲಿತಿದ್ದ ಮಾತುಗಳನ್ನು ಹೆಕ್ಕಿ ಹೆಕ್ಕಿ ಜೋಡಿಸಿದಳು. "ಮಾಮೆ, ನಾನು ಮೀನು ತಿನ್ನೋದು ಇಲ್ಲ."

"ತಿನ್ನೋದಿಲ್ಲ ಅಂದ್ರೆ? ಹೊಟ್ಟೆ ಸರಿ ಇಲ್ವಾ?"

"ಹೊಟ್ಟೆ ನೆಟ್ಟಗಿದೆ" ಎಂದಳು ಎಸಾಬಾ. "ಮೀನು ಇಲ್ಲ, ಮಾಂಸ ಇಲ್ಲ, ಮೊಟ್ಟೆ ಮಾತ್ರ ಭಾನುವಾರ. ಆರು ತಿಂಗಳಿಂದ ಅಲಸಂದೆ ಬೇಯಿಸಿ ಬೇಯಿಸಿ ನನ್ನ ಸೌಟಿಗೇ ಬೇಜಾರು ಬಂದಿದೆ."

ಅರಬಾ ಹುಡುಗಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಮೀನು ತಿನ್ನದೋಳು ಮೀನಿನ ಹಗ್ಗ ಯಾಕೇ ಎಳೆದೆ?"

"ಎಲ್ಲರೂ ಎಳೀತಿದ್ರು. ಹಾಡು ಹೇಳ್ತಿದ್ರು. ನನ್ನ ಕೈ ಸುಮ್ನೆ ಇರ್ಲಿಲ್ಲ." ಆಮೇಲೆ, ಒಳ್ಳೆಯದಾಗಲಿ ಎಂದೇ, ಲೀವ ಬೋಗುಣಿಯನ್ನು ಅರಬಾಳ ಕಡೆಗೆ ತಳ್ಳಿದಳು. "ಇದು ನೀವೇ ಇಟ್ಕೊಳ್ಳಿ ಮಾಮೆ. ನಾನು ಸಂತೋಷದಿಂದ ಕೊಟ್ಟೆ."

ಗೇಟಿನ ಹೊರಗೆ ಯಾರೋ "ಅಯ್ಯೋ" ಎಂದರು. ಅರಬಾ ಬೋಗುಣಿಯನ್ನು ಮತ್ತೆ ಅವಳ ಕಡೆಗೇ ಸರಿಸಿದಳು.

"ಹಾಗನ್ಬೇಡ ಮಗಳೇ. ಈಗ ಇದನ್ನ ನಾನು ವಾಪಸ್ ಹೊತ್ಕೊಂಡು ಹೋದ್ರೆ, ನಿನ್ನ ಮೀನು ಎರಡು ಸಲ ತಿಂದ ಹಾಗೆ. ನಿನ್ನೆ ಮರೆತು ತಿಂದೆ, ಇವತ್ತು ನೆನಪಿಟ್ಕೊಂಡು ತಿಂದೆ. ನೀನು ತಿನ್ನು ಅಂತ ನಾನೆಲ್ಲಿ ಹೇಳ್ದೆ? ಕೈ ಒಡ್ಡು, ಅಷ್ಟೇ. ನಿನ್ನ ಕೈ ಸೇರಿದ ಮೇಲೆ ಬೆಕ್ಕಿಗೆ ಬೇಕಾದ್ರೂ ಹಾಕು, ಬೇಲಿ ಮೇಲೆ ಒಣಹಾಕಿ ಚಂದ ಬೇಕಾದ್ರೂ ನೋಡು. ಅದು ನಿಂದು. ಅದಕ್ಕೆ ನೀನು ಯಜಮಾನಿ."

ಲೀವ ಬಟ್ಟೆಗೆ ಕೈ ಒರೆಸಿಕೊಂಡಳು. ಬಲಗೈ ಮುಂದೆ ಒಡ್ಡಿದಳು. ಗುಳ್ಳೆ ಒಡೆದು ಚರ್ಮ ಎದ್ದ ಆ ಅಂಗೈಯನ್ನು ನೋಡಿ ಅರಬಾ ನಾಲಗೆ ಲೊಚಗುಟ್ಟಿದಳು, ಮೀನು ಎತ್ತಿ ಇಡತೊಡಗಿದಳು.

"ನಿಲ್ಲಿ" ಎಂದಳು ಎಸಾಬಾ. "ಬೇರೆಯವರಿಗೆ ತಲಾ ಎಷ್ಟು ಬಿತ್ತು?"

"ಹನ್ನೆರಡು."

"ಇದು ಇಪ್ಪತ್ತಿದೆ. ಪಾಲೋ, ಉಡುಗೊರೆಯೋ? ಪಾಲಾದ್ರೆ ಎಲ್ಲರಷ್ಟೇ ಇರ್ಬೇಕು. ಜಾಸ್ತಿ ಕೊಟ್ರೆ ಅದು ನಿಮ್ಮ ದೊಡ್ಡತನ ಆಗುತ್ತೆ, ಇವಳ ಕೆಲಸ ಎಲ್ಲಿ ಉಳೀತು?"

ಅರಬಾ ಎಂಟು ಮೀನನ್ನು ಬೇರೆ ತೆಗೆದಿಟ್ಟಳು. ಸೋಲುವುದು ಅಭ್ಯಾಸವಿಲ್ಲದವಳು ಒಂದೇ ದಿನ ಎರಡು ಸಲ ಸೋತಿದ್ದಳು. ಆದರೂ ಈ ಸೋಲು ಅವಳಿಗೆ ಯಾಕೋ ಹಿತವಾಗಿತ್ತು. ಹನ್ನೆರಡು ಮೀನು ಲೀವಳ ಕೈಗೆ ಬಂದವು. ಉಳಿದ ಎಂಟನ್ನು ಎಸಾಬಾ ಉಡುಗೊರೆ ಎಂದು ಒಪ್ಪಿಕೊಂಡು, ಉಡುಗೊರೆಗೆ ಉಡುಗೊರೆ ಆಗಬೇಕಲ್ಲ ಎಂದು ಹಿತ್ತಿಲಿಗೆ ಹೋಗಿ ಬಲಿತ ಬಾಳೆಗೊನೆಯೊಂದನ್ನು ಕಡಿದು ತಂದು ಬೋಗುಣಿಗೆ ಇಟ್ಟಳು.

ಯಜಮಾನಿಯಾದ ಲೀವ ಅಷ್ಟು ಹೊತ್ತಿಗೆ ಗೇಟಿನ ಕಡೆಗೆ ನಡೆದಿದ್ದಳು. ಡ್ರೈವರಿಗೊಂದು, ಕಂಡಕ್ಟರಿಗೊಂದು, ಕೈಚೀಲದವಳಿಗೊಂದು. ದಪ್ಪ ಮನುಷ್ಯನ ಮುಂದೆ ನಿಂತಾಗ ಅವನು ಎರಡು ಹೆಜ್ಜೆ ಹಿಂದೆ ಸರಿದ.

"ನಾನು ನಿಂಗೆ ಪಾಲಿಲ್ಲ ಅಂತ ವಾದ ಮಾಡಿದೋನು, ಮಗಳೇ."

"ಅದಕ್ಕೆ ನಿಮಗೆ ದೊಡ್ಡದು" ಎಂದು ಲೀವ ಆರಿಸಿ ಕೊಟ್ಟಳು. ಅವನು ಅದನ್ನು ಬಾಲದ ಕಡೆಯಿಂದ ತಿನ್ನಲು ಶುರುಮಾಡಿ, ಗಾಡಿ ಹೊರಡುವುದರೊಳಗೆ ತಲೆಯವರೆಗೆ ಬಂದಿದ್ದ.

ಅರಬಾ ಆಪಾಮಿಗೆ ಮರಳಿದಾಗ ಸಂಜೆ ಬಿಸಿಲು ಇನ್ನೂ ಕೋಟೆಯ ಗೋಡೆಯ ಮೇಲಿತ್ತು. ತಾನು ಹೋಗಿ ಬಂದದ್ದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಜಂಬ ಎನ್ನುತ್ತಾರೆ, ಎಕುವಾ ಅಂತೂ ಹಾಡು ಕಟ್ಟುತ್ತಾಳೆ ಎಂದು ಬಾಯಿ ಬಿಗಿಹಿಡಿದು, ಬಾಳೆಕಾಯಿ ಸುಟ್ಟು ತಿಂದು ಮಲಗಿದಳು. ನಾಳೆ ನಲವತ್ತು ಜನ ಬರುತ್ತಾರೋ ಇಲ್ಲವೋ, ಅದು ಕಡಲಿಗೆ ಗೊತ್ತು.

ಅವಳು ಮರೆತದ್ದು ಟ್ರೋಟ್ರೋವನ್ನು. ಆ ಗಾಡಿ ಭಾನುವಾರ ಮತ್ತೆರಡು ಸಲ ಓಡಾಡಿತ್ತು, ಅದರ ಕಂಡಕ್ಟರ್ ಬಾಯಿ ಗಾಡಿಗಿಂತ ಹೆಚ್ಚು ಓಡಾಡಿತ್ತು.

ಸೋಮವಾರ ಬೆಳಿಗ್ಗೆ ದೋಣಿ ಹಗ್ಗ ಎಸೆಯುವ ಮೊದಲೇ ಮರಳಿನ ಮೇಲೆ ಚಪ್ಪಲಿಗಳು ಬೀಳತೊಡಗಿದವು. ಉಪ್ಪಿನ ಗದ್ದೆಯವರು ಬಂದರು, ಕೋಟೆಯ ಕಾವಲುಗಾರ ಬಂದ. ದೂರದ ಮಮ್‌ಫರ್ಡಿನಿಂದಲೂ ನಾಲ್ಕು ಜನ ಬಂದರು. ಬೆಂಟ್ಸಿಲ್ ಸಾಲನ್ನು ಒಂದು ತುದಿಯಿಂದ ಎಣಿಸಿಕೊಂಡು ಹೋಗಿ, ನಂಬದೆ ಇನ್ನೊಂದು ತುದಿಯಿಂದ ಎಣಿಸಿಕೊಂಡು ಬಂದ.

"ಮಾಮೆ, ಎಂಬತ್ತಮೂರು. ನನ್ನ ಹಗ್ಗ ಅಷ್ಟುದ್ದ ಇಲ್ಲ."

"ಇನ್ನೊಂದು ಗಂಟು ಹಾಕಿ ಉದ್ದ ಮಾಡು."

ಬಲೆ ಬಂತು. ಶನಿವಾರದ ಹಾಗೆ ಬರಲಿಲ್ಲ, ಸಾಧಾರಣವಾಗಿ ಬಂತು. ಎಂಬತ್ತಮೂರು ಕಡೆ ಹಂಚಿದಾಗ ಒಬ್ಬೊಬ್ಬರಿಗೆ ಬಿದ್ದದ್ದು ನಾಲ್ಕೇ ಮೀನು. ಜನ ನಾಲ್ಕು ಮೀನನ್ನು ಹಿಡಿದು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು, ನಗತೊಡಗಿದರು. ಅರಬಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಕೋಟೆಯ ಪಾರಿವಾಳಗಳು ಎದ್ದವು.

ಅಂದಿನಿಂದ ಅವಳ ಬಲೆಯ ಮೀನು ಹಂಚುವಾಗ ಹೊಸದೊಂದು ರೂಢಿ ಸೇರಿಕೊಂಡಿದೆ. ಗುಡ್ಡೆ ಹಾಕಿ ಮುಗಿಸಿದ ಮೇಲೆ, ತನ್ನ ಪಾಲಿಗೆ ಕೈ ಹಚ್ಚುವ ಮೊದಲು, ಅರಬಾ ಕೊಳ್ಳುವವರನ್ನೆಲ್ಲ ಆಚೆ ಸರಿಸಿ ದಂಡೆಯ ನಡುವೆ ನಿಲ್ಲುತ್ತಾಳೆ. "ಹಗ್ಗ ಹಿಡಿದು ಗುಡ್ಡೆ ಸಿಗದೋರು ಯಾರಾದ್ರೂ ಇದ್ದೀರಾ?" ಎಂದು ಮೂರು ಸಲ ಕೂಗುತ್ತಾಳೆ. ಮೊದಲ ಕೂಗಿಗೆ ಯಾರೂ ಮಾತಾಡುವುದಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯ ಕೂಗಿಗೆ ದಂಡೆಯ ಆಚೆ ಅರ್ಧದಿಂದ, ತನ್ನ ಬಲೆಯ ಪಕ್ಕದಲ್ಲೇ ಕೂತ ಎಕುವಾ ಕೈ ಎತ್ತುತ್ತಾಳೆ.

"ನಾನಿದ್ದೀನಿ ಮಾಮೆ ಅರಬಾ. ಮನೇಲಿರ್ತೀನಿ, ತಲೆ ಮೇಲೆ ಹೊತ್ಕೊಂಡು ಬಾ."

"ಚರ್ಚಿನ ಬಟ್ಟೆ ಒಗೆದು ಹಾಕಿದ್ದೀನಿ ಎಕುವಾ. ಒಣಗ್ಲಿ, ಬರ್ತೀನಿ" ಎಂದು ಅರಬಾ ಕೂಗಿ ಹೇಳಿ, ಬಗ್ಗಿ ತನ್ನ ಮೀನನ್ನು ಬುಟ್ಟಿಗೆ ತುಂಬತೊಡಗುತ್ತಾಳೆ.